ಸರ್ಚ್ ಕನ್ಸೋಲ್ ತೋರಿಸುವುದು, ತೋರಿಸದಿರುವುದು

ಸಣ್ಣ ವ್ಯಾಪಾರದವರ, ಹೋಂಸ್ಟೇಗಳ, ಅಡುಗೆ ಬರೆಯುವವರ ಜಾಲತಾಣಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ಹೊಸದಾಗಿ ಫೋನ್ ಮಾಡುವವರ ದೂರು ಹೆಚ್ಚುಕಡಿಮೆ ಒಂದೇ. "ಗೂಗಲ್‌ನಲ್ಲಿ ನಮ್ಮ ಸೈಟ್ ಬರ್ತಾನೇ ಇಲ್ಲ ಸರ್." ಹೇಗೆ ಗೊತ್ತಾಯಿತು ಎಂದು ಕೇಳಿದರೆ, ನಮ್ಮ ಫೋನಿನಲ್ಲೇ ಹುಡುಕಿದೆವು ಅನ್ನುತ್ತಾರೆ. ಇನ್ನು ಕೆಲವರು ಇದೇ ವಿಧಾನದಿಂದ ತದ್ವಿರುದ್ಧ ತೀರ್ಮಾನಕ್ಕೆ ಬಂದಿರುತ್ತಾರೆ. ತಮ್ಮ ಸೈಟ್ ಮೊದಲ ಸ್ಥಾನದಲ್ಲಿದೆ ಎಂದು ಹಿಗ್ಗುತ್ತಾರೆ. ಇಬ್ಬರದ್ದೂ ನಂಬುವ ಮಾತಲ್ಲ. ಊರು, ಭಾಷೆ, ಹಿಂದೆ ಏನೇನು ಹುಡುಕಿದ್ದಾರೆ ಎಂಬುದನ್ನು ನೋಡಿ ಗೂಗಲ್ ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಫಲಿತಾಂಶ ಕೊಡುತ್ತದೆ.

ನಿಜವಾದ ಲೆಕ್ಕ ಸಿಗುವುದು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ. 2015ರವರೆಗೆ ಇದರ ಹೆಸರು ವೆಬ್‌ಮಾಸ್ಟರ್ ಟೂಲ್ಸ್ ಎಂದಿತ್ತು. ದುಡ್ಡು ಕೊಡಬೇಕಾಗಿಲ್ಲ. ಜೋಡಿಸಲು ಅರ್ಧ ಗಂಟೆ ಸಾಕು. ಆದರೆ ಅದು ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದು ಗೊತ್ತಾಗಲು ನನಗೆ ಕೆಲವು ವರ್ಷಗಳೇ ಬೇಕಾದವು. ಕನ್ನಡದ ತಾಣವಾದರೆ ಇನ್ನೂ ನಾಲ್ಕು ವಿಷಯ ಹೆಚ್ಚಿಗೆ ಕಲಿಯಬೇಕು.

1. ಮೊದಲು ಒಡೆತನ ಇತ್ಯರ್ಥವಾಗಲಿ

ಪಹಣಿ ಯಾರ ಹೆಸರಲ್ಲಿದೆ ಎಂದು ನೋಡದೆ ಜಮೀನಿಗೆ ಬೇಲಿ ಹಾಕುವವರು ಯಾರೂ ಇಲ್ಲ. ಜಾಲತಾಣದ ವಿಷಯದಲ್ಲಿ ಮಾತ್ರ ಎಲ್ಲರೂ ಹಾಕುತ್ತಾರೆ. ತಾಣ ಕಟ್ಟಿಕೊಟ್ಟ ಹುಡುಗನ ಸ್ವಂತ ಜಿಮೇಲ್‌ನಲ್ಲಿ ಸರ್ಚ್ ಕನ್ಸೋಲ್ ಇರುತ್ತದೆ. ಆತ ಬೇರೆ ಕೆಲಸ ಹಿಡಿದು ಹೋದ ಮೇಲೆ ಮಾಲೀಕರಿಗೆ ಏನೂ ಕಾಣಿಸುವುದಿಲ್ಲ. ಕೆಲವು ಏಜೆನ್ಸಿಗಳಂತೂ ಇದನ್ನೇ ಹಗ್ಗ ಮಾಡಿಕೊಂಡು ಗಿರಾಕಿಯನ್ನು ಕಟ್ಟಿಹಾಕುವುದನ್ನು ನೋಡಿದ್ದೇನೆ.

ಸಂಸ್ಥೆಯ ಹೆಸರಿನಲ್ಲಿ ಒಂದು ಗೂಗಲ್ ಖಾತೆ ತೆರೆದು ಅದನ್ನೇ ಮಾಲೀಕನ ಖಾತೆ ಮಾಡಿ. ನನ್ನಂಥವರಿಗೆ 'ಫುಲ್ ಯೂಸರ್' ಅನುಮತಿ ಕೊಟ್ಟರೆ ಬೇಕಾದಷ್ಟಾಯಿತು. ಖಾತೆ ಈಗಾಗಲೇ ಬೇರೆಯವರ ಕೈ ಸೇರಿದ್ದರೂ ಹೆದರಬೇಕಾಗಿಲ್ಲ. ಡೊಮೈನ್ ನಿಮ್ಮ ಹಿಡಿತದಲ್ಲಿದ್ದರೆ ಅದರ ಡಿಎನ್‌ಎಸ್‌ನಲ್ಲಿ ಗೂಗಲ್ ಕೊಡುವ ಟೆಕ್ಸ್ಟ್ ರೆಕಾರ್ಡ್ ಸೇರಿಸಿ ಹೊಸದಾಗಿ ಒಡೆತನ ಸಾಬೀತು ಮಾಡಬಹುದು. ಹಳೆಯ ಲೆಕ್ಕ ಆ ತಾಣಕ್ಕೆ ಸೇರಿದ್ದು, ಒಬ್ಬ ವ್ಯಕ್ತಿಗಲ್ಲ. ಹೊಸ ಮಾಲೀಕರಿಗೂ ಅದು ಕಾಣುತ್ತದೆ. ಆಮೇಲೆ ಹಳಬರ ದೃಢೀಕರಣದ ಗುರುತನ್ನು ತೆಗೆದುಹಾಕಿ, ಅವರ ಪ್ರವೇಶ ರದ್ದು ಮಾಡಬಹುದು. ಡೊಮೈನ್ ಕೂಡ ಬೇರೆಯವರ ಹೆಸರಿನಲ್ಲಿದ್ದರೆ? ಆಗ ನಿಮಗೆ ಬೇಕಿರುವುದು ನಾನಲ್ಲ, ವಕೀಲರು.

2. ಇಡೀ ಡೊಮೈನನ್ನೇ ಸೇರಿಸಿ

ಸರ್ಚ್ ಕನ್ಸೋಲ್ ಎರಡು ಬಗೆಯ ಪ್ರಾಪರ್ಟಿ ಕೇಳುತ್ತದೆ. ಡೊಮೈನ್ ಒಂದು, ಯುಆರ್‌ಎಲ್ ಪ್ರಿಫಿಕ್ಸ್ ಇನ್ನೊಂದು. ಎರಡನೆಯದು ಸುಲಭ. ಒಂದು ಫೈಲ್ ಏರಿಸಿದರೆ ಅಥವಾ ಪುಟದಲ್ಲಿ ಒಂದು ಟ್ಯಾಗ್ ಹಾಕಿದರೆ ಆಯಿತು. ಹಾಗಾಗಿ ಎಲ್ಲರೂ ಅದನ್ನೇ ಆರಿಸುತ್ತಾರೆ. ಆದರೆ ಅದು ಕೊಟ್ಟ ವಿಳಾಸವನ್ನಷ್ಟೇ ನೋಡುತ್ತದೆ. ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದು, ಇಲ್ಲದಿರುವುದು, ಮೊಬೈಲ್‌ಗೆಂದು ಮಾಡಿದ ಉಪಡೊಮೈನ್ ಎಲ್ಲ ಅದರ ಲೆಕ್ಕದಲ್ಲಿ ಬೇರೆ ಬೇರೆ. 2019ರಲ್ಲಿ ಬಂದ ಡೊಮೈನ್ ಪ್ರಾಪರ್ಟಿ ಎಲ್ಲವನ್ನೂ ಒಂದೇ ಕಡೆ ಸೇರಿಸುತ್ತದೆ.

ಡಿಎನ್‌ಎಸ್ ರೆಕಾರ್ಡ್ ಜಾರಿಯಾಗಲು ಕೆಲವು ನಿಮಿಷವೂ ಹಿಡಿಯಬಹುದು, ಒಂದೆರಡು ದಿನವೂ ಹಿಡಿಯಬಹುದು. ಕೆಲಸ ಮುಗಿಯಿತೆಂದು ಅದನ್ನು ಅಳಿಸಬೇಡಿ. ಗೂಗಲ್ ಆಗಾಗ ಮರುಪರೀಕ್ಷೆ ಮಾಡುತ್ತದೆ. ಹೋಸ್ಟಿಂಗ್ ಬದಲಿಸುವಾಗ ಈ ರೆಕಾರ್ಡ್ ಬಿಟ್ಟುಹೋಗುವುದು ತೀರಾ ಸಾಮಾನ್ಯ. ಉಚಿತ ಉಪಡೊಮೈನ್‌ನಲ್ಲಿ ಬರೆಯುವವರಿಗೆ ಯುಆರ್‌ಎಲ್ ಪ್ರಿಫಿಕ್ಸ್ ಒಂದೇ ದಾರಿ.

3. ಲೆಕ್ಕ ಶುರುವಾಗುವುದು ಸೇರಿಸಿದ ದಿನದಿಂದ

ಯಾರಾದರೂ ಪ್ರಾಪರ್ಟಿಯನ್ನು ಸೇರಿಸಿದ ದಿನದಿಂದ ಗೂಗಲ್ ಅಂಕಿಅಂಶ ಕೂಡಿಡಲು ತೊಡಗುತ್ತದೆ. 16 ತಿಂಗಳು ಇಟ್ಟುಕೊಂಡು, ಅದಕ್ಕಿಂತ ಹಳೆಯದನ್ನು ಬಿಟ್ಟುಬಿಡುತ್ತದೆ. ತಾಣದಲ್ಲಿ ಇನ್ನೂ ಮೂರೇ ಪುಟಗಳಿದ್ದರೂ ಇವತ್ತೇ ಸೇರಿಸಿ ಎಂದು ನಾನು ಒತ್ತಾಯ ಮಾಡುವುದು ಇದಕ್ಕೇ. ಪ್ರತಿ ತಿಂಗಳ ಮೊದಲ ವಾರ ಹಿಂದಿನ ತಿಂಗಳ ವರದಿಯನ್ನು ಒಂದು ಶೀಟ್‌ಗೆ ಇಳಿಸಿಡಿ. ಮೂರು ವರ್ಷದ ಹಿಂದಿನ ದೀಪಾವಳಿಯಲ್ಲಿ ಯಾವ ಪುಟ ಓಡಿತ್ತು ಎಂದು ಇನ್ನೆಲ್ಲೂ ಸಿಗುವುದಿಲ್ಲ.

ತಾಣಕ್ಕೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ಇನ್ನೊಂದು ಬಲೆಯಿದೆ. ಎಕ್ಸ್‌ಪ್ಲೊರೇಶನ್ ವಿಭಾಗಕ್ಕೆ ಬೇಕಾದ ವಿವರ ತಾನಾಗಿ ಉಳಿಯುವುದು 2 ತಿಂಗಳು ಮಾತ್ರ. ಡೇಟಾ ರಿಟೆನ್ಶನ್‌ಗೆ ಹೋಗಿ 14 ತಿಂಗಳಿಗೆ ಬದಲಿಸಬೇಕು. ಅಳಿದುಹೋದದ್ದು ಆಮೇಲೆ ಬದಲಿಸಿದರೆ ಹಿಂತಿರುಗದು.

4. ಇಂಡೆಕ್ಸ್ ಆಗದ ಪುಟಗಳ ಸಂಖ್ಯೆ ನೋಡಿ ಗಾಬರಿ ಬೇಡ, ಕಾರಣ ಓದಿ

ಸೈಟ್‌ಮ್ಯಾಪ್ ಕೊಟ್ಟ ಕೆಲವು ದಿನಗಳ ನಂತರ ಪುಟಗಳ ವರದಿ ತುಂಬುತ್ತದೆ. "ನಮ್ಮ ಸಾವಿರ ಪುಟ ರಿಜೆಕ್ಟ್ ಆಗಿದೆ" ಎಂಬ ಫೋನ್ ಬರುವುದು ಆಗ. ತೆರೆದು ನೋಡಿದರೆ ಬಹುಪಾಲು ಬೇರೆಡೆಗೆ ಕಳಿಸುವ ಹಳೆಯ ವಿಳಾಸಗಳು, ಟ್ಯಾಗ್ ಪುಟಗಳು, ಒಂದೇ ಪುಟದ ನಕಲುಗಳು. ಅವು ಇಂಡೆಕ್ಸ್ ಆಗದಿರುವುದೇ ಸರಿ.

ನಾನು ಮೂರು ಕಾರಣಗಳನ್ನು ಮಾತ್ರ ಹುಡುಕುತ್ತೇನೆ. ಮೊದಲನೆಯದು ನೋಇಂಡೆಕ್ಸ್. ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್‌ನಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಚೌಕವಿದೆ. ತಾಣ ಕಟ್ಟುವಾಗ ಟಿಕ್ ಮಾಡಿರುತ್ತಾರೆ, ತೆಗೆಯುವುದೇ ಇಲ್ಲ. ಎರಡನೆಯದು, ಗೂಗಲ್ ಬಂದು ಓದಿದೆ ಆದರೆ ಇಂಡೆಕ್ಸ್ ಮಾಡಿಲ್ಲ. ಪುಟದಲ್ಲಿ ಹುರುಳಿಲ್ಲ, ಅಥವಾ ಇಂಥದ್ದೇ ಇನ್ನೊಂದು ಇದೆ ಎಂದು ಅನುಮಾನಿಸಬೇಕು. ಮೂರನೆಯದು, ವಿಳಾಸ ಗೊತ್ತಾಗಿದೆ, ಇನ್ನೂ ಬಂದಿಲ್ಲ. ಇದಕ್ಕೆ ತಾಣದೊಳಗಿನ ಬೇರೆ ಪುಟಗಳಿಂದ ಕೊಂಡಿ ಕೊಡಬೇಕು. ಸೈಟ್‌ಮ್ಯಾಪನ್ನು ಮತ್ತೆ ಮತ್ತೆ ಸಲ್ಲಿಸಿ ಪ್ರಯೋಜನವಿಲ್ಲ.

ಕನ್ನಡದ ಸಂಸ್ಥೆಗಳಲ್ಲಿ ನಾಲ್ಕನೆಯ ಸಮಸ್ಯೆಯೂ ಇದೆ. ಅದು ಯಾವ ವರದಿಯಲ್ಲೂ ಬರುವುದಿಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಿಡಿಎಫ್‌ಗಳು ರಾಶಿಗಟ್ಟಲೆ ಇರುತ್ತವೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಗೂಗಲ್ ಅದನ್ನು ಇಂಡೆಕ್ಸ್ ಮಾಡಿದೆ ಎಂದು ವರದಿ ಹೇಳಬಹುದು. ಯಾವ ಕನ್ನಡ ಪದ ಹುಡುಕಿದರೂ ಅದು ಸಿಗುವುದಿಲ್ಲ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಇಲ್ಲದಿದ್ದರೆ ಪರಿವರ್ತಕದಲ್ಲಿ ಹಾಕಿ ಹೊಸ ಪುಟವಾಗಿ ಪ್ರಕಟಿಸಬೇಕು. ಇತರ ಸೂಕ್ಷ್ಮ ರಿಪೇರಿಗಳೆಲ್ಲ ಸೇರಿ ತರದಷ್ಟು ಓದುಗರನ್ನು ಈ ಒಂದು ಕೆಲಸ ತಂದದ್ದನ್ನು ನೋಡಿದ್ದೇನೆ.

5. ಸರಾಸರಿ ಸ್ಥಾನ ಕುಸಿಯುವುದು ಶುಭವಾರ್ತೆಯೂ ಆಗಬಹುದು

ಪರ್ಫಾರ್ಮೆನ್ಸ್ ವರದಿಯಲ್ಲಿ ನಾಲ್ಕು ಅಂಕಿಗಳು: ಕ್ಲಿಕ್, ಇಂಪ್ರೆಶನ್, ಇವೆರಡರ ಶೇಕಡಾವಾರು, ಸರಾಸರಿ ಸ್ಥಾನ. ಮಾಲೀಕರು ನೋಡುವುದು ಕೊನೆಯದನ್ನು, ಮೋಸ ಹೋಗುವುದೂ ಅಲ್ಲೇ. ಒಂದು ಪುಟ ಒಂದೇ ಪದಕ್ಕೆ 3ನೇ ಸ್ಥಾನದಲ್ಲಿ 100 ಸಲ ಕಾಣಿಸಿಕೊಂಡಿತೆನ್ನಿ. ಸರಾಸರಿ 3. ಮುಂದಿನ ತಿಂಗಳು ಅದೇ ಪುಟ ಹೊಸ ಹುಡುಕಾಟಗಳಲ್ಲಿ 20ನೇ ಸ್ಥಾನದಲ್ಲಿ ಇನ್ನೂ 900 ಸಲ ಕಾಣಿಸಿಕೊಂಡರೆ ಸರಾಸರಿ 18.3ಕ್ಕೆ ಇಳಿಯುತ್ತದೆ. ಹಳೆಯ ಪದದಲ್ಲಿ ಏನೂ ನಷ್ಟವಾಗಿಲ್ಲ, ಹೊಸ ಬಾಗಿಲುಗಳು ತೆರೆದಿವೆ. ಇಡೀ ತಾಣದ ಸರಾಸರಿ ಸ್ಥಾನವನ್ನು ನಾನು ಯಾವ ವರದಿಯಲ್ಲೂ ಬರೆಯುವುದಿಲ್ಲ. ಒಂದು ಪುಟ, ಒಂದು ಹುಡುಕಾಟ ಎಂದು ಹಿಡಿದು ನೋಡಿದಾಗ ಮಾತ್ರ ಆ ಅಂಕಿಗೆ ಅರ್ಥ.

6. ಕನ್ನಡಿಗರು ಎರಡು ಲಿಪಿಯಲ್ಲಿ ಹುಡುಕುತ್ತಾರೆ

ಇಂಗ್ಲಿಷ್ ತಾಣಗಳಿಗೆಂದು ಬರೆದ ಮಾರ್ಗದರ್ಶಿಗಳು ಕೈಕೊಡುವ ಜಾಗ ಇದು. ಬಿಸಿಬೇಳೆಬಾತ್ ಮಾಡುವ ವಿಧಾನ ಬೇಕಾದವರು ಕನ್ನಡ ಲಿಪಿಯಲ್ಲಿ ಹೊಡೆಯುತ್ತಾರೆ, ಇಂಗ್ಲಿಷ್ ಅಕ್ಷರದಲ್ಲೂ ಹೊಡೆಯುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕೊನೆಗೆ 'ಇನ್ ಕನ್ನಡ' ಎಂದು ಸೇರಿಸುವವರೂ ಉಂಟು. ಒಂದೇ ಪದವಾಗಿ, ಎರಡಾಗಿ, ಮೂರಾಗಿ ಒಡೆದು, ಬಾತ್‌ಗೆ ಒಂದು 'ಎಚ್' ಹೆಚ್ಚು ಹಾಕಿ ಬರೆದ ರೂಪಗಳೆಲ್ಲ ವರದಿಯಲ್ಲಿ ಬೇರೆ ಬೇರೆ ಸಾಲುಗಳು. ಯಾವ ಸಾಲೂ ದೊಡ್ಡದಾಗಿ ಕಾಣುವುದಿಲ್ಲ. ಈ ಪುಟಕ್ಕೆ ಬೇಡಿಕೆಯಿಲ್ಲ ಎಂದು ತೀರ್ಮಾನಿಸುವವರು ಒಟ್ಟು ಕೂಡಿಸಿ ನೋಡಿರುವುದಿಲ್ಲ.

2021ರಲ್ಲಿ ಈ ವರದಿಗೆ ರೆಜೆಕ್ಸ್ ಫಿಲ್ಟರ್ ಬಂದ ಮೇಲೆ ಕೆಲಸ ಹಗುರವಾಯಿತು. ಕ್ವೆರಿ ಫಿಲ್ಟರ್‌ನಲ್ಲಿ ಕಸ್ಟಮ್ ರೆಜೆಕ್ಸ್ ಆರಿಸಿ [ಅ-ಹ] ಎಂದು ಬರೆದರೆ ಕನ್ನಡ ಅಕ್ಷರವಿರುವ ಹುಡುಕಾಟಗಳಷ್ಟೂ ಬರುತ್ತವೆ. ಹೊಂದದಿರುವವು ಎಂದು ತಿರುಗಿಸಿದರೆ ಉಳಿದವು. ಒಂದು ಖಾದ್ಯದ ಎಲ್ಲ ಕನ್ನಡ ರೂಪಗಳನ್ನು ಹಿಡಿಯಬೇಕೆಂದರೆ ಬಿಸಿ ?ಬೇಳೆ ?(ಬಾ|ಭಾ)ತ್ ಎಂದು ಬರೆಯಿರಿ. ಪ್ರಶ್ನಾರ್ಥಕ ಚಿಹ್ನೆಯ ಹಿಂದಿನ ಜಾಗ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಇದರ ತಾತ್ಪರ್ಯ. ಕೋಡ್ ಬರೆಯದವರೂ ಹತ್ತು ನಿಮಿಷದಲ್ಲಿ ಕಲಿಯುತ್ತಾರೆ.

ಹೀಗೆ ಬೇರ್ಪಡಿಸಿದ ಮೇಲೆ ಏನು ಮಾಡಬೇಕೆಂಬುದು ತಾಣಕ್ಕೆ ತಕ್ಕ ಮಾತು. ಪಾಕವಿಧಾನದ ಪುಟಗಳಲ್ಲಿ ಶೀರ್ಷಿಕೆ ಕನ್ನಡದಲ್ಲೇ ಇರಲಿ, ಖಾದ್ಯದ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೂ ಒಂದು ಕಡೆ ಬರಲಿ ಎನ್ನುತ್ತೇನೆ. ಮೂರು ಬಗೆಯ ಕಾಗುಣಿತವನ್ನು ಶೀರ್ಷಿಕೆಗೆ ತುರುಕುವುದು ಬೇಡ, ಓದುವವರಿಗೆ ಅಸಹ್ಯ. ಹೋಂಸ್ಟೇಗಳ ಕಥೆಯೇ ಬೇರೆ. ಕೊಡಗಿಗೆ ಹೊರಟವರು ಕನ್ನಡದಲ್ಲಿ ಮಾತನಾಡಿಕೊಂಡು ಇಂಗ್ಲಿಷ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಕನ್ನಡ ಪುಟ ಬೇಡವೇ ಎಂದು ಕೇಳಿದರೆ, ಬೇಕು, ಆದರೆ ಬುಕಿಂಗ್ ತರುವುದು ಅದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಸರ್ಚ್ ಅಪಿಯರೆನ್ಸ್ ಎಂಬಲ್ಲಿ 'ಟ್ರಾನ್ಸ್‌ಲೇಟೆಡ್ ರಿಸಲ್ಟ್ಸ್' ಎಂಬ ಸಾಲು ಕಂಡರೆ ನಿಲ್ಲಿ. ಇಂಗ್ಲಿಷ್ ಪುಟದ ಶೀರ್ಷಿಕೆಯನ್ನು ಗೂಗಲ್ ತಾನೇ ಅನುವಾದಿಸಿ ತೋರಿಸಿದೆ, ಜನ ಕ್ಲಿಕ್ ಮಾಡಿದ್ದಾರೆ ಎಂದರ್ಥ. ಈ ಸೌಲಭ್ಯ ಇರುವ ಭಾಷೆಗಳಲ್ಲಿ ಕನ್ನಡವೂ ಒಂದು. ಯಾವ ಪುಟಗಳಿಗೆ ಹೀಗಾಗುತ್ತಿದೆಯೋ ಅವನ್ನು ಮನುಷ್ಯರೇ ಕನ್ನಡದಲ್ಲಿ ಬರೆಯಲು ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕಿಲ್ಲ.

ಇನ್ನು ವಿಳಾಸದಲ್ಲಿ ಕನ್ನಡ ಇರಬಹುದೇ ಎಂಬ ಪ್ರಶ್ನೆ. ಇರಬಹುದು, ಗೂಗಲ್‌ಗೆ ತೊಂದರೆಯಿಲ್ಲ. ತೊಂದರೆ ನಮಗೆ. ಒಂದೊಂದು ಕನ್ನಡ ಸಂಕೇತವೂ ಮೂರು ಬೈಟ್, ವಿಳಾಸದಲ್ಲಿ ಒಂದೊಂದು ಬೈಟೂ ಮೂರು ಚಿಹ್ನೆ. 'ಅಡಿಕೆ' ಎಂಬ ಪುಟ್ಟ ಪದ ನಕಲು ಮಾಡಿ ಅಂಟಿಸಿದಾಗ, ಸರ್ವರ್ ಲಾಗ್‌ನಲ್ಲಿ ನೋಡಿದಾಗ, 45 ಚಿಹ್ನೆಗಳ ಸರಪಳಿಯಾಗುತ್ತದೆ. ಹೊಸ ತಾಣಕ್ಕೆ ಚಿಕ್ಕ ಇಂಗ್ಲಿಷ್ ಅಕ್ಷರದ ವಿಳಾಸ ನನಗಿಷ್ಟ. ಈಗಾಗಲೇ ಕನ್ನಡದಲ್ಲಿ ಇರುವುದನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.

7. ಮೊತ್ತಕ್ಕೂ ಸಾಲುಗಳಿಗೂ ತಾಳೆಯಾಗುವುದಿಲ್ಲ

ಕೋಷ್ಟಕದಲ್ಲಿ ಕಾಣುವುದು ಗರಿಷ್ಠ 1,000 ಸಾಲು. ಅದೂ ಅಲ್ಲದೆ, ಎರಡು ಮೂರು ತಿಂಗಳಲ್ಲಿ ಕೆಲವು ಡಜನ್‌ಗಿಂತ ಹೆಚ್ಚು ಜನ ಹುಡುಕದ ಪದಗಳನ್ನು ಹುಡುಕಿದವರ ಖಾಸಗಿತನಕ್ಕಾಗಿ ಗೂಗಲ್ ಮರೆಮಾಡುತ್ತದೆ. ಮೇಲಿನ ಮೊತ್ತದಲ್ಲಿ ಅವು ಸೇರಿರುತ್ತವೆ, ಕೆಳಗಿನ ಪಟ್ಟಿಯಲ್ಲಿ ಇರುವುದಿಲ್ಲ. ಕ್ವೆರಿ ಫಿಲ್ಟರ್ ಹಾಕಿದ ಕೂಡಲೇ ಮೊತ್ತದಿಂದಲೂ ಜಾರಿಹೋಗುತ್ತವೆ. ಆದ್ದರಿಂದ ಮೇಲೆ ಹೇಳಿದ ಕನ್ನಡ ಲಿಪಿಯ ಪಾಲು, ಉಳಿದ ಪಾಲು ಎರಡನ್ನೂ ಕೂಡಿಸಿದರೂ ಒಟ್ಟು ಬರುವುದಿಲ್ಲ. ಕಡಿಮೆ ಜನ, ಹೆಚ್ಚು ಕಾಗುಣಿತ ರೂಪಗಳು ಇರುವ ಭಾಷೆಗೆ ಈ ಮರೆ ಇನ್ನಷ್ಟು ದೊಡ್ಡದು. ಅನುಪಾತ ನೋಡಿ, ನಿಖರ ಸಂಖ್ಯೆಗೆ ಜೋತುಬೀಳಬೇಡಿ.

ಸರ್ಚ್ ಕನ್ಸೋಲ್‌ನ ಕ್ಲಿಕ್‌ಗೂ ಅನಲಿಟಿಕ್ಸ್‌ನ ಸೆಷನ್‌ಗೂ ತಾಳೆಯಾಗುವುದಿಲ್ಲ. ಒಂದು ಎಣಿಸುವುದು ಗೂಗಲ್‌ನ ಪುಟದಲ್ಲಿ, ಇನ್ನೊಂದು ನಿಮ್ಮ ಪುಟ ತೆರೆದ ಮೇಲೆ. ಎರಡನ್ನೂ ಸರಿಹೊಂದಿಸಲು ಕೂತ ಅಕೌಂಟೆಂಟ್ ಸ್ವಭಾವದ ಮಾಲೀಕರನ್ನು ಎಬ್ಬಿಸುವುದೇ ಒಂದು ಕೆಲಸ.

8. ಗೂಗಲ್‌ನ ದಿನ ಶುರುವಾಗುವುದು ನಮ್ಮ ಮಧ್ಯಾಹ್ನ

ದಿನವಾರು ವರದಿ ಲೆಕ್ಕ ಹಾಕುವುದು ಕ್ಯಾಲಿಫೋರ್ನಿಯಾದ ಸಮಯದಲ್ಲಿ. ಅಲ್ಲಿ ನಡುರಾತ್ರಿ ಅಂದರೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 12.30, ಚಳಿಗಾಲದಲ್ಲಿ 1.30. 2025ರ ಯುಗಾದಿ ಮಾರ್ಚ್ 30ರಂದು ಬಂತು. ಅಂದು ಬೆಳಗ್ಗೆ ಎದ್ದು ಒಬ್ಬಟ್ಟಿನ ಹೂರಣ ಹೇಗೆ ಎಂದು ಹುಡುಕಿದವರೆಲ್ಲ ವರದಿಯಲ್ಲಿ ಮಾರ್ಚ್ 29ಕ್ಕೆ ಸೇರಿದ್ದಾರೆ. ಹಬ್ಬದ ಹಿಂದಿನ ದಿನವೇ ಜನ ಹುಡುಕುತ್ತಾರೆ ಎಂದು ಇದರಿಂದ ಸಿದ್ಧಾಂತ ಕಟ್ಟಬಾರದು.

ಹೋದ ವರ್ಷದ ಇದೇ ದಿನಕ್ಕೆ ಹೋಲಿಸುವುದೂ ನಮಗೆ ಹೊಂದದ ಅಭ್ಯಾಸ. 2024ರ ಯುಗಾದಿ ಏಪ್ರಿಲ್ 9, ಮರುವರ್ಷ ಮಾರ್ಚ್ 30. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. ಏಪ್ರಿಲ್‌ಗೆ ಏಪ್ರಿಲ್ ಹೋಲಿಸಿದರೆ ಅಡುಗೆ ತಾಣ 2025ರಲ್ಲಿ ನೆಲಕಚ್ಚಿದಂತೆ ಕಾಣುತ್ತದೆ. ನಾನು ಹಬ್ಬದಿಂದ ಹಿಂದಕ್ಕೆ ಎಣಿಸಿ ಹಬ್ಬದ ವಾರಕ್ಕೆ ಹಬ್ಬದ ವಾರವನ್ನು ಹೋಲಿಸುತ್ತೇನೆ. ಕ್ಯಾಲೆಂಡರ್ ಪಕ್ಕದಲ್ಲಿ ಪಂಚಾಂಗ ಇಟ್ಟುಕೊಂಡು ಮಾಡುವ ಅನಲಿಟಿಕ್ಸ್ ಕೆಲಸ ಜಗತ್ತಿನಲ್ಲಿ ಬೇರೆಲ್ಲಾದರೂ ಇದೆಯೋ ಏನೋ.

9. ಬದಲಾವಣೆಗಳ ದಿನಚರಿ ಇಡಿ

ಥೀಮ್ ಬದಲಾಯಿತು, ಶೀರ್ಷಿಕೆ ತಿದ್ದಿದೆವು, ಹೋಸ್ಟಿಂಗ್ ಸಾಗಿಸಿದೆವು, ಎಲ್ಲಕ್ಕೂ ತಾರೀಖು ಹಾಕಿ ಒಂದು ಶೀಟ್‌ನಲ್ಲಿ ಬರೆಯಿರಿ. ಗೂಗಲ್ ಕಡೆಯ ಬದಲಾವಣೆಗಳನ್ನೂ ಬರೆಯಿರಿ. 2025ರ ಸೆಪ್ಟೆಂಬರ್‌ನಲ್ಲಿ ಒಂದೇ ಪುಟದಲ್ಲಿ 100 ಫಲಿತಾಂಶ ತೆರೆಯುವ ದಾರಿ ಮುಚ್ಚಿತು. ಅದೇ ಹೊತ್ತಿಗೆ ಬಹಳಷ್ಟು ತಾಣಗಳ ಇಂಪ್ರೆಶನ್ ಬಿತ್ತು, ಸರಾಸರಿ ಸ್ಥಾನ ಮೇಲೇರಿತು, ಕ್ಲಿಕ್ ಹಾಗೇ ಉಳಿಯಿತು. ಸ್ಥಾನ ಎಣಿಸುವ ತಂತ್ರಾಂಶಗಳು ದೂರದ ಪುಟಗಳನ್ನು ತೆರೆಯುತ್ತಿದ್ದುದು ನಿಂತಿತು ಎಂಬುದು ಈ ಕಸುಬಿನವರಲ್ಲಿ ಹೆಚ್ಚಿನವರು ಒಪ್ಪಿದ ವಿವರಣೆ. ದಿನಚರಿ ಇಲ್ಲದವರು ತಮ್ಮದೇ ಯಾವುದೋ ಶೀರ್ಷಿಕೆ ಬದಲಾವಣೆಯನ್ನು ದೂರಿ ಹಿಂದಕ್ಕೆ ತಿದ್ದಿದರು.

ಗೂಗಲ್‌ನ ಎಐ ಸಾರಾಂಶದಲ್ಲಿ ನಿಮ್ಮ ಕೊಂಡಿ ಬಂದರೆ ಅದೂ ಇದೇ ಮೊತ್ತದೊಳಗೆ ಸೇರುತ್ತದೆ. ಬೇರ್ಪಡಿಸಿ ಕೊಡುತ್ತೇವೆ ಎನ್ನುವ ಸಲಹೆಗಾರರು ಹೇಗೆ ಕೊಡುತ್ತಾರೆಂದು ಕೇಳಿ.

10. ವೇಗ: ಪ್ರಯೋಗಾಲಯದ ಅಂಕ ಬೇರೆ, ಓದುಗರ ಅನುಭವ ಬೇರೆ

ಪೇಜ್‌ಸ್ಪೀಡ್ ಇನ್‌ಸೈಟ್ಸ್ ತೆರೆದ ಕೂಡಲೇ ಎಲ್ಲರ ಕಣ್ಣು 100ಕ್ಕೆ ಎಷ್ಟು ಎಂಬ ವೃತ್ತದ ಮೇಲೆ. ಅದು ಒಂದು ಯಂತ್ರ ಒಂದು ಸಲ ನಡೆಸಿದ ಪರೀಕ್ಷೆ. ಅದರ ಮೇಲಿರುವ, ಕ್ರೋಮ್ ಬಳಸುವ ನಿಜವಾದ ಜನರ ಕಳೆದ 28 ದಿನಗಳ ಅನುಭವವೇ ಮುಖ್ಯ. ಮುಖ್ಯ ಭಾಗ ಕಾಣಲು 2.5 ಸೆಕೆಂಡ್, ಒತ್ತಿದ್ದಕ್ಕೆ ಸ್ಪಂದಿಸಲು 200 ಮಿಲಿಸೆಕೆಂಡ್, ಪುಟ ಜಿಗಿಯುವ ಅಳತೆ 0.1. ಪ್ರತಿ 100ರಲ್ಲಿ 75 ಭೇಟಿಗಳು ಈ ಮಿತಿಯೊಳಗಿದ್ದರೆ ಪಾಸ್. ಇವತ್ತು ರಿಪೇರಿ ಮಾಡಿದರೆ ಅಂಕಿ ಪೂರ್ತಿ ಬದಲಾಗಲು ನಾಲ್ಕು ವಾರ ಬೇಕು. ಮರುದಿನವೇ ಫೋನ್ ಮಾಡಬೇಡಿ. ಸಣ್ಣ ತಾಣಕ್ಕೆ ಈ ಭಾಗ ಖಾಲಿಯಿರಬಹುದು, ಅಷ್ಟು ಜನ ಬಂದಿಲ್ಲ ಎಂದಷ್ಟೇ.

ಕನ್ನಡ ಪುಟ ಜಿಗಿಯುವುದಕ್ಕೆ ನಾನು ಮೊದಲು ಅನುಮಾನಿಸುವುದು ವೆಬ್ ಫಾಂಟನ್ನು. ಫೋನಿನ ಫಾಂಟ್‌ನಲ್ಲಿ ಮೊದಲು ಕಂಡ ಸಾಲು, ಒತ್ತಕ್ಷರಗಳ ಎತ್ತರ ಬೇರೆಯಿರುವ ಹೊಸ ಫಾಂಟ್ ಬಂದಾಗ ಕೆಳಕ್ಕೆ ಜಾರುತ್ತದೆ. ಸಾಲಿನ ಎತ್ತರವನ್ನು ಮೊದಲೇ ಧಾರಾಳವಾಗಿ ನಿಗದಿ ಮಾಡಿ, ಒಂದೇ ಫಾಂಟ್, ಎರಡೇ ತೂಕ ಬಳಸಿ.

11. ಬಿಂಗ್ ಕೂಡ

ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಸರ್ಚ್ ಕನ್ಸೋಲ್‌ನಿಂದ ನೇರವಾಗಿ ಆಮದು ಮಾಡಿಕೊಳ್ಳುತ್ತದೆ. ಐದು ನಿಮಿಷ. ಕ್ಲಿಕ್ ಕಡಿಮೆ, ಆದರೆ ಪುಟದ ದೋಷಗಳನ್ನು ಅದು ಹೇಳುವ ರೀತಿ ಹೆಚ್ಚು ಬಿಡಿಸಿದಂತಿರುತ್ತದೆ.

12. ದುಡ್ಡಿನ ಸಾಧನಗಳು

ಪದಗಳ ಬೇಡಿಕೆ, ಎದುರಾಳಿಗಳ ಸ್ಥಾನ ತೋರಿಸುವ ಚಂದಾ ಸೇವೆಗಳನ್ನು ಕೊಳ್ಳಬೇಕೇ ಎಂದು ಪ್ರತಿಯೊಬ್ಬ ಗಿರಾಕಿಯೂ ಕೇಳುತ್ತಾರೆ. ಇಂಗ್ಲಿಷ್‌ನಲ್ಲಿ ಪೈಪೋಟಿಗಿಳಿದ ದೊಡ್ಡ ವ್ಯಾಪಾರವಾದರೆ ಕೊಳ್ಳಲಿ. ಕನ್ನಡ ಪದಗಳಿಗೆ ನಾನು ಪರೀಕ್ಷಿಸಿದ ಸೇವೆಗಳು ಬಹಳ ಕಡೆ ಸೊನ್ನೆ ತೋರಿಸಿದವು. ಅದೇ ಪದಗಳಿಗೆ ಸರ್ಚ್ ಕನ್ಸೋಲ್‌ನಲ್ಲಿ ಇಂಪ್ರೆಶನ್‌ಗಳು ಸಾಲಾಗಿ ನಿಂತಿದ್ದವು. ಇಂಪ್ರೆಶನ್ ಹೆಚ್ಚು, ಕ್ಲಿಕ್ ಕಡಿಮೆ ಇರುವ ಪುಟಗಳನ್ನು ವಾರಕ್ಕೊಮ್ಮೆ ನೋಡಿ, ಶೀರ್ಷಿಕೆ ಮತ್ತು ಮೊದಲ ಪ್ಯಾರಾ ತಿದ್ದುವ ಕೆಲಸವೇ ಒಂದು ಸಣ್ಣ ತಾಣಕ್ಕೆ ವರ್ಷವಿಡೀ ಸಾಕಾಗುತ್ತದೆ. ನಾನು ಈಗ ನೋಡಿಕೊಳ್ಳುತ್ತಿರುವ ಕನ್ನಡ ತಾಣಗಳಲ್ಲಿ ಒಂದಕ್ಕೂ ಚಂದಾ ಸೇವೆ ಕೊಂಡಿಲ್ಲ.